ಹಾಲಿನ ಕ್ಯಾನಿನೊಳಗೆ ಹಿಡಿದ ಸದ್ದು

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಕ್ಯಾನು ಅಲ್ಯೂಮಿನಿಯಮ್ಮಿನದು ಎಂದು ನನ್ನ ನೆನಪು. ಆ ವರ್ಷದ ಡೈರಿಯಲ್ಲಿ ‘ಸ್ಟೀಲ್ ಕ್ಯಾನ್’ ಎಂದು ನಾನೇ ಬರೆದಿದ್ದೇನೆ. ಹಳ್ಳದಾಚೆಯ ತೋಟದ ಗಂಗಾಧರಣ್ಣ ನಮ್ಮ ಅಂಗಳಕ್ಕೆ ಬಂದ ದಿನ ಬಿಸಿಲಿತ್ತು ಎಂದು ಖಚಿತವಾಗಿ ಅನಿಸುತ್ತದೆ. ಡೈರಿಯಲ್ಲಿ ಆ ತಾರೀಖಿನ ಕೆಳಗೆ ‘ಮಳೆ. ಹುರುಳಿ ಸಾರು’ ಎಂದಷ್ಟೇ ಇದೆ. ಇನ್ನು ಫೋನಿದೆ. ಅದು ಆಗಾಗ ‘ಈ ದಿನ, ನಾಲ್ಕು ವರ್ಷದ ಹಿಂದೆ’ ಎಂದು ತಾನೇ ಆರಿಸಿದ ಒಂದು ಫೋಟೊ ಎತ್ತಿ ತೋರಿಸುತ್ತದೆ. ಅದು ತೋರಿಸಿದ ದಿನಗಳು ಮಾತ್ರ ನನಗೆ ಚೆನ್ನಾಗಿ ನೆನಪಿವೆ ಎಂಬುದು ಇತ್ತೀಚೆಗೆ ಗಮನಕ್ಕೆ ಬಂತು. ಅಲ್ಲಿಂದ ಮುಂದೆ ನನ್ನ ನೆನಪನ್ನು ನಾನು ಪೂರ್ತಿ ನಂಬುತ್ತಿಲ್ಲ.

ಹೋದ ವಾರ ಕಿಬ್ಬನಹಳ್ಳಿ ಕ್ರಾಸಿನಲ್ಲಿ ತುರುವೇಕೆರೆ ಬಸ್ಸಿಗೆ ಕಾಯುತ್ತಾ ಟೀ ಅಂಗಡಿಯ ಬೆಂಚಿನ ಮೇಲೆ ಕೂತಿದ್ದೆ. ಪಕ್ಕದಲ್ಲಿದ್ದ ಹೆಂಗಸಿನ ಫೋನಿನಿಂದ ಒಂದು ಸದ್ದು ಬಂತು. ಗಟ, ಗಟಗಟ, ಗಟ. ಬಗ್ಗಿ ನೋಡಿದೆ. ಯಾರೋ ಹೆಂಡತಿ ಏನೋ ಕೇಳುತ್ತಾಳೆ, ಗಂಡ ಗೊತ್ತಿಲ್ಲವೆಂದು ತಲೆ ಅಲ್ಲಾಡಿಸುತ್ತಾನೆ, ಅವನ ತಲೆಯೊಳಗಿಂದ ಗಟಗಟ. ಹೆಂಗಸು ನಕ್ಕು ಬೆರಳಿನಿಂದ ಮೇಲಕ್ಕೆ ತಳ್ಳಿದರು. ಮುಂದಿನದರಲ್ಲಿ ಒಬ್ಬ ಹುಡುಗಿ ತನ್ನ ಹ್ಯಾಂಡ್‌ಬ್ಯಾಗ್ ಅಲ್ಲಾಡಿಸುತ್ತಿದ್ದಳು. ಅದೇ ಗಟಗಟ.

“ಇದು ಯಾವುದರ ಸದ್ದು ಗೊತ್ತೇನ್ರೀ?” ಎಂದು ಕೇಳಿದೆ.

“ಇದಾ? ಎಲ್ಲಾರೂ ಹಾಕ್ತಾರಲ್ಲ, ಅದು ಕಣ್ರೀ. ಬುರುಡೆ ಸೌಂಡು.”

ಅವರ ಕಾಲ ಬುಡದಲ್ಲಿ ಒಂದು ಚೀಲ ತೆಂಗಿನಕಾಯಿ ಇತ್ತು. ಅದು ಕಾಯಿಯ ಸದ್ದು, ಆ ಕಾಯಿ ಇಲ್ಲಿಂದ ಒಂದು ಗಂಟೆ ದಾರಿಯ ಒಂದು ಅಟ್ಟದ ಮೂಲೆಯಲ್ಲಿತ್ತು, ಆ ಸದ್ದನ್ನು ಫೋನಿನಲ್ಲಿ ಹಿಡಿದವಳು ನಾನು ಎಂದು ಹೇಳಬಹುದಿತ್ತು. ನಾನು ಹೋಗುತ್ತಿದ್ದುದೂ ಆ ಅಟ್ಟವಿರುವ ಮನೆಗೇ.

ನಾಲ್ಕು ವರ್ಷದ ಹಿಂದೆ ತುರುವೇಕೆರೆಯ ಕಾಲೇಜೊಂದರಲ್ಲಿ ಒಂದು ವರ್ಷ ಅತಿಥಿ ಉಪನ್ಯಾಸಕಿಯಾಗಿದ್ದೆ. ಸಂಪಿಗೆ ಎಂಬ ಊರಿನ ಪಕ್ಕದ ಸಣ್ಣ ಹಳ್ಳಿಯಲ್ಲಿ ಜಯಮ್ಮ ಚಿಕ್ಕಮ್ಮನ ಮನೆಯಲ್ಲಿ ಉಳಿದುಕೊಂಡಿದ್ದೆ. ಚಿಕ್ಕಮ್ಮ ಎಂದರೆ ನಮ್ಮಮ್ಮನ ತಂಗಿ. ಸುತ್ತಲೂ ತೆಂಗಿನ ತೋಟ, ಹಳ್ಳ ದಾಟಿದರೆ ಗಂಗಾಧರಣ್ಣನ ತೋಟ. ನಾನು ಆಷಾಢದ ಗಾಳಿಯಲ್ಲಿ ಸೂಟ್‌ಕೇಸ್ ಹಿಡಿದು ಬಂದಾಗ ಚಿಕ್ಕಮ್ಮ ಮನೆಯಲ್ಲಿರಲಿಲ್ಲ. “ಗಂಗಾಧರನ ಮನೇಲಿ ಅಟ್ಟ ಹತ್ತವ್ಳೆ. ಈಗ ಹೋಗಿ ಮಾತಾಡಿಸಿದ್ರೆ ಬೈತಾಳೆ, ಕೂತ್ಕೋ” ಎಂದರು ಚಿಕ್ಕಪ್ಪ.

ನಮ್ಮ ಕಡೆ ಉಂಡೆ ಕೊಬ್ಬರಿಗೆ ಬಲಿತ ಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿ ಹತ್ತು ಹನ್ನೊಂದು ತಿಂಗಳು ಬಿಡುತ್ತಾರೆ. ಒಳಗಿನ ನೀರು ತಾನೇ ಹಿಂಗಿ, ತಿರುಳು ಒಣಗಿ, ಚಿಪ್ಪಿನಿಂದ ಬಿಟ್ಟುಕೊಳ್ಳಬೇಕು. ಅದಕ್ಕೆ ಮೊದಲೇ ಇಳಿಸಿ ಒಡೆದರೆ ಕೊಬ್ಬರಿ ಚಿಪ್ಪಿಗೆ ಅಂಟಿಕೊಂಡು ಚೂರಾಗುತ್ತದೆ. ತಡ ಮಾಡಿದರೆ, ಅದರಲ್ಲೂ ಹೆಂಚು ಸೋರುವ ಮಳೆಗಾಲದಲ್ಲಿ, ಒಳಗೇ ಕಪ್ಪಾಗುತ್ತದೆ. ಒಡೆಯದೆ ತಿಳಿಯಬೇಕೆಂದರೆ ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಬೇಕು. ನೀರಿದ್ದರೆ ಕುಳುಕ್ ಎನ್ನುತ್ತದೆ. ನೀರು ಹಿಂಗಿ ತಿರುಳು ಇನ್ನೂ ಅಂಟಿಕೊಂಡಿದ್ದರೆ ಸದ್ದೇ ಇಲ್ಲ. ಹೀಗೆ ತಿಂಗಳುಗಟ್ಟಲೆ ಏನೂ ಕೇಳಿಸುವುದಿಲ್ಲ. ಕೊನೆಗೊಂದು ದಿನ ಒಳಗೆ ಏನೋ ಮೆಲ್ಲಗೆ ಕದಲುತ್ತದೆ, ಪಕ್ಕದ ಕೋಣೆಯಲ್ಲಿ ಯಾರೋ ಮಣೆ ಸರಿಸಿದಷ್ಟು.

ತೋಟದ ಮನೆಯವರಿಗೆಲ್ಲ ಇದು ಅಷ್ಟಿಷ್ಟು ಗೊತ್ತು. ಚಿಕ್ಕಮ್ಮನಿಗೆ ಎಲ್ಲರಿಗಿಂತ ಹೆಚ್ಚು ಗೊತ್ತು ಎಂದು ಸುತ್ತಲಿನ ಊರುಗಳು ಒಪ್ಪಿದ್ದವು. ಅಟ್ಟ ಇಳಿಸುವ ಮೊದಲು ಅವಳನ್ನು ಕರೆಯುತ್ತಿದ್ದರು. ಅವಳು ಏಣಿ ಹತ್ತಿ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ನಾಲ್ಕು ಮೂಲೆಯಿಂದಲೂ ನಡುವಿನಿಂದಲೂ ಒಂದಷ್ಟು ಕಾಯಿ ಆರಿಸಿ, ಕಣ್ಣು ಮುಚ್ಚಿ ಒಂದೊಂದನ್ನೇ ಕೇಳುತ್ತಿದ್ದಳು. ಆಗ ಯಾರೂ ಮಾತಾಡಬಾರದು. ಟಿವಿ ನಿಲ್ಲಿಸಬೇಕು, ಪಂಪ್‌ಸೆಟ್ ಕೂಡ. ಇಳಿದು ಬಂದು “ಇಳಿಸ್ರಿ” ಅನ್ನುವಳು, ಇಲ್ಲವೇ “ಇನ್ನೂ ಹದಿನೈದು ದಿನ ಮಲಗ್ಲಿ ಬುಡಿ” ಅನ್ನುವಳು. ಅರಿಶಿನ ಕುಂಕುಮ, ಒಂದು ಲೋಟ ಕಾಫಿ, ಅಷ್ಟೇ. ಅವಳಿಗೆ ಬೇಕಾದದ್ದು ಕರೆ. ಯಾವ ವರ್ಷ ಯಾರು ಕರೆದರು, ಯಾರು ಕರೆಯಲಿಲ್ಲ ಎಂಬುದು ಅವಳಿಗೆ ಬಾಯಿಪಾಠವಾಗಿತ್ತು.

ಆಗ ನಮ್ಮ ಕಡೆಯವರದ್ದೊಂದು ಗುಂಪಿತ್ತು, ಫೋನಿನಲ್ಲಿ. ‘ಮೂರು ತಾಲ್ಲೂಕಿನ ತೋಟದವರು’ ಎಂದು ಹೆಸರು. ಯಾವ ತಾಣದಲ್ಲಿ ಎಂದು ಬರೆಯುವುದಿಲ್ಲ. ಬರೆದರೂ ಈಗ ವ್ಯತ್ಯಾಸವಾಗದು. ಆಗ ವ್ಯತ್ಯಾಸವಿತ್ತು. ಒಂದು ತಾಣದಲ್ಲಿ ಉದ್ದುದ್ದ ಬರೆದು ಜಗಳವಾಡುತ್ತಿದ್ದೆವು, ಇನ್ನೊಂದರಲ್ಲಿ ಸುಮ್ಮನೆ ಫೋಟೊ ಹಾಕುತ್ತಿದ್ದೆವು, ಮತ್ತೊಂದರಲ್ಲಿ ಅರ್ಧ ಗಂಟೆ ಕೂತು ಮೋಟಾರ್ ಬಿಚ್ಚುವುದನ್ನು ನೋಡುತ್ತಿದ್ದೆವು. ನಮ್ಮ ಗುಂಪು ಮೊದಲನೆಯ ಬಗೆಯದು. ಕಳೆದುಹೋದ ಹಸು, ಸುಟ್ಟ ಮೋಟಾರ್, ಮರ ಹತ್ತುವವರು ಯಾವ ದಿನ ಬಿಡುವಾಗಿದ್ದಾರೆ ಎಂಬ ವಿಚಾರಣೆ. ಹುಳಿಯಾರು ಕಡೆಯ ಕುರಿಯವರೊಬ್ಬರು ‘ನಾಳೆ ಮಂದೆ ಹೊನ್ನವಳ್ಳಿ ಕಡೆ ಬತ್ತದೆ, ತೋಟದಲ್ಲಿ ಕುರಿ ಕೂರಿಸೋರು ಹೇಳಿ’ ಎಂದು ಹಾಕುತ್ತಿದ್ದರು. ಗೊಬ್ಬರ ಬೇಕಾದವರು ಉತ್ತರ ಕೊಡುತ್ತಿದ್ದರು. ಕೊನೆಗೆ ಬರೆದವರದ್ದು ಮೇಲೆ, ಹಳೆಯದು ಕೆಳಗೆ. ಬೇರೆ ಲೆಕ್ಕಾಚಾರವಿರಲಿಲ್ಲ.

ಚಿಕ್ಕಮ್ಮ ಕಾಯಿ ಕೇಳುವುದನ್ನು ಅದಕ್ಕೆ ಹಾಕಲು ಶುರು ಮಾಡಿದವಳು ನಾನು. ಶ್ರಾವಣವಿರಬೇಕು. ನಾಲ್ಕೈದು ನಿಮಿಷದ ವಿಡಿಯೋ. ಅದರಲ್ಲಿ ಹೆಚ್ಚಿನ ಹೊತ್ತು ಏನೂ ನಡೆಯುವುದಿಲ್ಲ. ಅವಳು ಕಾಯಿ ಎತ್ತುತ್ತಾಳೆ, ಕೇಳುತ್ತಾಳೆ, ಇಡುತ್ತಾಳೆ. ಹೆಂಚಿನ ಸಂದಿಯಿಂದ ಬೆಳಕು ಬೀಳುತ್ತದೆ. ಕೆಳಗೆ ಚಿಕ್ಕಪ್ಪ ಕೆಮ್ಮುತ್ತಾರೆ. ಜನ ಪೂರ್ತಿ ನೋಡುತ್ತಿದ್ದರು, ಆಮೇಲೆ ವಾದ ಮಾಡುತ್ತಿದ್ದರು. ‘ಜಯಕ್ಕ, ಎರಡನೇದು ಇನ್ನೂ ಅಂಟ್ಕಂಡೈತೆ.’ ‘ಅಂಟಿಲ್ಲ ಕಣಪ್ಪ, ಫೋನ್ ಸರಿಯಾಗಿ ಹಿಡಿದು ಕೇಳು.’ ತಮ್ಮ ಕಾಯಿಯ ಸದ್ದು ಹಿಡಿದು ಕಳಿಸುವವರೂ ಇದ್ದರು. ಸಂಜೆ ಹಸು ಕರೆದ ಮೇಲೆ ಚಿಕ್ಕಮ್ಮ ಜಗಲಿಯಲ್ಲಿ ಕೂತು ಅವನ್ನು ಕೇಳುತ್ತಿದ್ದಳು. ನಾನು ಅವಳ ಮಾತನ್ನು ಟೈಪ್ ಮಾಡುತ್ತಿದ್ದೆ.

ಬದಲಾವಣೆ ಯಾವ ವಾರ ಶುರುವಾಯಿತು ಎಂದು ಡೈರಿಯಲ್ಲೂ ಇಲ್ಲ. ಮೊದಲು ಗೊತ್ತಾದದ್ದು ಕುರಿಯವರಿಂದ. ‘ನಾಳೆ ಮಂದೆ ಬತ್ತದೆ’ ಎಂಬುದು ಮಂದೆ ಬಂದು ಹೋಗಿ ಮೂರು ದಿನವಾದ ಮೇಲೆ ನಮಗೆ ಕಾಣಿಸತೊಡಗಿತು. ಅದರ ಮೇಲೆ ಯಾವುದೋ ಊರಿನ, ಯಾವುದೋ ಮದುವೆಯ ಕುಣಿತ. ತಿಂಗಳೊಳಗೆ ಕುರಿಯವರು ಮಂದೆಯ ಸುದ್ದಿ ಬಿಟ್ಟು, ಒಂದು ಮರಿಯನ್ನು ಹೆಗಲ ಮೇಲೆ ಹೊತ್ತು ಹಾಡಿಗೆ ಕುಣಿಯತೊಡಗಿದರು. ಅದು ಮಾತ್ರ ನಮಗೆ ದಿನಕ್ಕೆ ನಾಲ್ಕು ಸಲ ಕಾಣಿಸುತ್ತಿತ್ತು.

ಚಿಕ್ಕಪ್ಪ ಒಂದು ಮಧ್ಯಾಹ್ನ ಫೋನನ್ನು ನನ್ನ ಮುಂದೆ ಹಿಡಿದರು. “ಇದೇನ್ ನೋಡೇ ಶೈಲಾ. ಇಲ್ಲಿ ಒತ್ತಿದ್ರೂ ಅದೇ ಹೆಂಗಸು ಸ್ಕೂಟರಿಂದ ಬೀಳ್ತಾಳೆ. ಇದನ್ನ ಒತ್ತಿದ್ರೂ ಬೀಳ್ತಾಳೆ. ಇಲ್ಲೂ ಬಿದ್ಲು. ಮೂರು ಅಂಗಡಿಗೋದ್ರೂ ಒಂದೇ ಬೋಂಡ ಕೊಡ್ತವ್ರೆ.”

“ಮೊನ್ನೆ ಮೂರರಲ್ಲೂ ಅದನ್ನೇ ನೋಡಿ ನಕ್ಕಿದ್ದೀಯಲ್ಲ, ಅದಕ್ಕೇ ಕೊಡ್ತವ್ರೆ” ಎಂದಳು ಚಿಕ್ಕಮ್ಮ ಒಳಗಿನಿಂದ.

“ಬೀಳೋರನ್ನ ಕಂಡ್ರೆ ನಗು ಬರಲ್ವಾ? ನೀನ್ ಬಿದ್ರೂ ನಗ್ತೀನಿ ಕಣೇ.”

ಇದನ್ನು ನಾನು ತರಗತಿಯಲ್ಲಿ ಚೆನ್ನಾಗಿ ವಿವರಿಸಬಲ್ಲವಳಾಗಿದ್ದೆ. ಜನರನ್ನು ಹೆಚ್ಚು ಹೊತ್ತು ಹಿಡಿದಿಡುವುದೊಂದೇ ಗುರಿಯಾದಾಗ ಎಲ್ಲ ತಾಣಗಳೂ ಒಂದನ್ನೊಂದು ನೋಡಿ ನಕಲು ಹೊಡೆದು ಒಂದೇ ಆಗುತ್ತವೆ, ಅಲ್ಗಾರಿದಮ್ಮಿಗೆ ಊರಿಲ್ಲ, ಮಳೆ ನಕ್ಷತ್ರಗಳಿಲ್ಲ ಎಂದೆಲ್ಲ. ಸ್ಟಾಫ್ ರೂಮಿನಲ್ಲಿ ಹೇಳಿಯೂ ಇದ್ದೆ. ಆದರೆ ಮನೆಗೆ ಬಂದು ಮೊದಲು ಮಾಡುತ್ತಿದ್ದ ಕೆಲಸ ಚಿಕ್ಕಮ್ಮನ ವಿಡಿಯೋವನ್ನು ಎಷ್ಟು ಜನ ನೋಡಿದ್ದಾರೆ ಎಂದು ಎಣಿಸುವುದು. ಎಣಿಕೆ ಇಳಿಯುತ್ತಿತ್ತು. ಅದರ ಕೆಳಗೆ ಒಂದು ಸೂಚನೆ ಬರುತ್ತಿತ್ತು: ಚಿಕ್ಕ ವಿಡಿಯೋ ಹಾಕಿ, ಹೆಚ್ಚು ಜನರನ್ನು ತಲುಪಿ. ಯಾರು ಬರೆದದ್ದು, ಯಾಕೆ ನನಗೇ ಕಳಿಸುತ್ತಾರೆ ಎಂದು ಅನುಮಾನಪಟ್ಟೆ. ಅನುಮಾನಪಡುತ್ತಲೇ ಅದು ಹೇಳಿದಂತೆ ಮಾಡಿದೆ.

ನಾಲ್ಕು ನಿಮಿಷವನ್ನು ಮೂವತ್ತು ಸೆಕೆಂಡು ಮಾಡಬೇಕೆಂದರೆ ಏನನ್ನಾದರೂ ತೆಗೆಯಬೇಕು. ನಾನು ಸದ್ದಿಲ್ಲದ ಕಾಯಿಗಳನ್ನು ತೆಗೆದೆ. ಏನೂ ಕೇಳದ ಕಾಯಿಯನ್ನು ಯಾರು ನೋಡುತ್ತಾರೆ? ಉಳಿದದ್ದು ಮಣೆ ಸರಿದಷ್ಟು ಸದ್ದು ಮಾಡುವ ಕಾಯಿ. ಮೊದಲೆಲ್ಲ ಹಿಡಿಯುತ್ತಿದ್ದ ಫೋನು ಈಗ ಅದನ್ನು ಹಿಡಿಯುತ್ತಿರಲಿಲ್ಲ. ಅಷ್ಟರಲ್ಲಿ ಉತ್ತರೆ ಮಳೆ ಹಿಡಿದುಕೊಂಡಿತ್ತು, ಹೆಂಚಿನ ಮೇಲೆ ಒಂದೇ ಸಮನೆ ಮೊರೆತ.

ಅಟ್ಟದ ಮೂಲೆಯಲ್ಲಿ ಸಿಪ್ಪೆ ಸುಲಿದ ಒಂದು ಹಳೇ ಕಾಯಿ ಇತ್ತು. ಎಷ್ಟು ವರ್ಷದ್ದೋ. ಒಳಗಿನ ಕೊಬ್ಬರಿ ಒಣಗಿ, ಸುಕ್ಕಿ, ಕಲ್ಲಿನಂತಾಗಿ ತಿನ್ನಲೂ ಬಾರದು, ಮಾರಲೂ ಬಾರದು. ಪಕ್ಕದ ಮನೆ ಮಗು ಅತ್ತರೆ ಅದನ್ನು ಅಲ್ಲಾಡಿಸಿ ಸುಮ್ಮನಾಗಿಸುತ್ತಿದ್ದರು. ಒಂದು ಮಧ್ಯಾಹ್ನ ಚಿಕ್ಕಮ್ಮ ಡೇರಿಗೆ ಹೋಗಿದ್ದಾಗ ಆ ಕಾಯಿಯನ್ನು ತೊಳೆದಿಟ್ಟ ಖಾಲಿ ಹಾಲಿನ ಕ್ಯಾನಿನೊಳಗೆ ಹಿಡಿದು ಅಲ್ಲಾಡಿಸಿದೆ, ಕ್ಯಾನಿನ ಬಾಯಿಗೆ ಫೋನು ಇಟ್ಟು ಆ ಸದ್ದನ್ನು ಹಿಡಿದುಕೊಂಡೆ. (ಡೇರಿಗೆ ಹೋಗಿದ್ದರೆ ಕ್ಯಾನು ಅವಳ ಜೊತೆಗೇ ಹೋಗಿರಬೇಕಲ್ಲ? ಇನ್ನೊಂದು ಕ್ಯಾನಿತ್ತೇನೋ. ಅಥವಾ ಅವಳು ಮನೆಯಲ್ಲೇ ಇದ್ದಳೇನೋ. ಇದು ಬರೆಯುವಾಗ ಹೊಳೆಯಿತು, ಹೊಳೆದು ಕೈ ನಿಂತಿತು.) ಸದ್ದು ಅದ್ಭುತವಾಗಿ ಬಂತು. ಗಟ, ಗಟಗಟ, ಗಟ. ಅದನ್ನು ವಿಡಿಯೋದಲ್ಲಿ ಚಿಕ್ಕಮ್ಮನ ಕೈಯಲ್ಲಿದ್ದ ಕಾಯಿಗೆ ಜೋಡಿಸಿದೆ.

ಹಾಕುವ ಮೊದಲು ಅವಳಿಗೆ ತೋರಿಸಿದೆ. ಇದು ನನಗೆ ಸ್ಪಷ್ಟವಾಗಿ ನೆನಪಿದೆ; ಫೋನು ಇದನ್ನು ಎಂದೂ ನೆನಪಿಸಿಲ್ಲ, ಆದ್ದರಿಂದ ನನ್ನದೇ ನೆನಪಿರಬೇಕು. ಅವಳು ಚಿತ್ರ ನೋಡಲಿಲ್ಲ. ಫೋನನ್ನು ಕಾಯಿಯಂತೆ ಕಿವಿಗೆ ಹಿಡಿದಳು, ಕಣ್ಣು ಮುಚ್ಚಿದಳು. ಎರಡು ಸಲ ಕೇಳಿದಳು. ಫೋನನ್ನು ನನ್ನ ಕೈಗೆ ಕೊಟ್ಟು “ಹಾಕು” ಎಂದು ಹೇಳಿ ಕೊಟ್ಟಿಗೆಗೆ ಹೋದಳು.

ಮೂರು ದಿನದಲ್ಲಿ ಅದು ಎಲ್ಲೆಲ್ಲಿಗೋ ಹೋಯಿತು. ನಮ್ಮ ಗುಂಪಿನ ಹೊರಗೆ, ಜಿಲ್ಲೆಯ ಹೊರಗೆ. ಕಾಲೇಜಿನ ಹುಡುಗಿಯರು “ಕಾಯಿ ಅಕ್ಕ ನಿಮ್ಮ ಚಿಕ್ಕಮ್ಮನಂತೆ ಹೌದಾ ಮ್ಯಾಮ್?” ಎಂದು ಕೇಳಿದರು. ನನಗೆ ಖುಷಿಯಾಯಿತು, ಇಲ್ಲವೆಂದರೆ ಸುಳ್ಳಾಗುತ್ತದೆ. ಮುಂದಿನ ಎಲ್ಲ ವಿಡಿಯೋಗಳಿಗೂ ಆ ಸದ್ದನ್ನೇ ಹಾಕಿದೆ. ನೂರಾರು ಪ್ರತಿಕ್ರಿಯೆ ಬರುತ್ತಿದ್ದವು: ಬೆಂಕಿ, ಹೃದಯ, ನಗುವ ಮುಖ. ‘ಎರಡನೇದು ಇನ್ನೂ ಅಂಟ್ಕಂಡೈತೆ’ ಎಂದು ವಾದ ಮಾಡುವವರು ಎಲ್ಲಿ ಹೋದರು ಎಂದು ಕೇಳಿಕೊಳ್ಳಲಿಲ್ಲ.

ಸ್ವಾತಿ ಮಳೆ ಮುಗಿಯುವ ಹೊತ್ತಿಗೆ ಗಂಗಾಧರಣ್ಣ ಒಂದು ಚೀಲ ಹೊತ್ತುಕೊಂಡು ಹಳ್ಳ ದಾಟಿ ಬಂದರು. ಅಂಗಳದಲ್ಲಿ ಸುರಿದರು. ಒಡೆದ ಕೊಬ್ಬರಿ. ಬೆಳ್ಳಗಿರಬೇಕಾದ್ದು ಕಪ್ಪಗಿತ್ತು, ಮುಗ್ಗಲು ವಾಸನೆ. ಚಿಕ್ಕಪ್ಪ ಎದ್ದು ನಿಂತರು.

“ಇದೇನ್ ಗಂಗಾಧರ, ಚಿತ್ತೆ ಮಳೆಗೆ ಮುಂಚೆ ಇಳಿಸ್ಲಿಲ್ವಾ?” ಎಂದಳು ಚಿಕ್ಕಮ್ಮ.

“ನೀನ್ ಹೇಳ್ದಂಗೇ ಕಾದೆ ಕಣಕ್ಕ. ನಿನ್ ವಿಡಿಯೋದಲ್ಲಿ ಬರೋ ಸದ್ದು ಬರ್ಲಿ ಅಂತ. ದಿನಾ ಅಟ್ಟ ಹತ್ತಿ ಒಂದ್ ಕೈಲಿ ಕಾಯಿ, ಒಂದ್ ಕೈಲಿ ಫೋನು. ಬರ್ಲೇ ಇಲ್ಲ. ನಂದು ಇನ್ನೂ ಆಗಿಲ್ಲ ಅಂದ್ಕಂಡೆ.”

“ಇಲ್ಲೇ ಹಳ್ಳ ದಾಟಿದ್ರೆ ನಮ್ಮನೆ. ಬಂದು ಕರೀಬಾರ್ದಿತ್ತೇನಪ್ಪ?”

ಗಂಗಾಧರಣ್ಣ ನೆಲ ನೋಡಿದರು. “ಗುಂಪಲ್ಲಿ ಕೇಳಿದ್ದೆ. ನೀನ್ ಉತ್ರ ಕೊಡ್ಲಿಲ್ಲ. ಅಷ್ಟೊಂದ್ ಜನ ನೋಡೋರು ನಿನ್ನ. ದೊಡ್ಡೋಳಾಗ್ಬುಟ್ಟವ್ಳೆ, ನಮ್ಮನೆ ಏಣಿ ಯಾಕ್ ಹತ್ತಾಳು ಅನ್ನಿಸ್ತು. ಕರೆಯೋಕೆ ನಾಚ್ಕೆ ಆಯ್ತು.”

ನಾನು ಒಳಗೆ ಹೋಗಿ ಫೋನು ತೆಗೆದು ಗುಂಪನ್ನು ಕೆಳಕ್ಕೆ, ಇನ್ನೂ ಕೆಳಕ್ಕೆ ಎಳೆದೆ. ಕುಣಿತ, ಸ್ಕೂಟರು, ಕುರಿಮರಿ, ನಮ್ಮದೇ ಗಟಗಟ, ಇವೆಲ್ಲದರ ಅಡಿಯಲ್ಲಿ ಸಿಕ್ಕಿತು. ‘ಜಯಕ್ಕ, ಹಸ್ತ ಮಳೆ ಮುಗೀತಾ ಬಂತು. ನಮ್ಮ ಅಟ್ಟ ಇಳಿಸಬಹುದಾ? ನಿಮ್ಮ ಸದ್ದು ಬತ್ತಾ ಇಲ್ಲ.’ ಜೊತೆಗೆ ತಮ್ಮ ಕಾಯಿಯನ್ನು ಅಲ್ಲಾಡಿಸಿ ಹಿಡಿದಿದ್ದರು. ಯಾರೂ ನೋಡಿರಲಿಲ್ಲ. ಕಿವಿಗಿಟ್ಟುಕೊಂಡು ಕೇಳಿದೆ. ಪಕ್ಕದ ಕೋಣೆಯಲ್ಲಿ ಯಾರೋ ಮಣೆ ಸರಿಸಿದಷ್ಟು. ಅವತ್ತೇ ಆಗಿತ್ತು ಆ ಕಾಯಿ.

ಹೊರಗೆ ಬಂದಾಗ ಚಿಕ್ಕಮ್ಮ ಕಪ್ಪು ಕೊಬ್ಬರಿಯನ್ನು ಒಂದೊಂದಾಗಿ ಚೀಲಕ್ಕೆ ತುಂಬುತ್ತಿದ್ದಳು. “ತಪ್ಪು ನಂದು ಕಣಪ್ಪ. ನೀನ್ ಕರೀದಿದ್ರೂ ನಾನೇ ಬಂದು ಹತ್ತಬೇಕಿತ್ತು” ಎಂದಳು. ನನ್ನ ಕಡೆ ನೋಡಲಿಲ್ಲ. ಆಗ ನಾನು ಬಾಯಿ ಬಿಡಬೇಕಿತ್ತು. ಆ ಸದ್ದು ಅವಳದಲ್ಲ, ಹಾಲಿನ ಕ್ಯಾನಿನದು, ಯಾವ ಕಾಯಿಯೂ ಹಾಗೆ ಸದ್ದು ಮಾಡುವುದಿಲ್ಲ ಎನ್ನಬೇಕಿತ್ತು. “ಪೋಸ್ಟು ನಮಗೆ ಕಾಣಿಸ್ಲಿಲ್ಲ ಗಂಗಾಧರಣ್ಣ, ಅಲ್ಗಾರಿದಮ್ಮು ಹಂಗೆ ಮಾಡುತ್ತೆ” ಎಂದೆ. ಅದು ಸುಳ್ಳಲ್ಲ. ಅರ್ಧ ಮಾತ್ರ. ಗಂಗಾಧರಣ್ಣ ನನ್ನನ್ನು ನೋಡಿ ತಲೆಯಾಡಿಸಿದರು, ಊರಿನ ಹೊರಗಿನ ಯಾರದೋ ಹೆಸರು ಕೇಳಿದವರಂತೆ.

ಅವತ್ತೇ ವಿಡಿಯೋಗಳನ್ನೆಲ್ಲ ಅಳಿಸಿದೆ. ಸದ್ದು ಅಳಿಯಲಿಲ್ಲ. ಅದನ್ನು ಅಷ್ಟರಲ್ಲಿ ಬೇರೆಯವರು ಕಿತ್ತು ತಮ್ಮ ತಮ್ಮ ಬುರುಡೆಗಳಿಗೆ ಜೋಡಿಸಿಕೊಂಡಿದ್ದರು. ನಮ್ಮ ಗುಂಪು ಹೆಸರಿಗೆ ಉಳಿಯಿತು. ಹಸು ಕಳೆದುಕೊಂಡವರು ಮೊದಲಿನಂತೆ ಊರೂರು ತಿರುಗಿ ಕೇಳತೊಡಗಿದರು. ಚಿಕ್ಕಮ್ಮನ ಮೇಲೆ ಯಾರೂ ಜಗಳಕ್ಕೆ ಬರಲಿಲ್ಲ. ಕರೆಯಲಿಲ್ಲ, ಅಷ್ಟೇ. ಸಂಕ್ರಾಂತಿಯ ಹೊತ್ತಿಗೆ ಹಳ್ಳದಾಚೆ ಯಾರೋ ಅಟ್ಟ ಇಳಿಸುತ್ತಿದ್ದ ಸದ್ದು ಕೇಳಿ ಅವಳು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಜಗಲಿಗೆ ಬಂದಳು. ಸ್ವಲ್ಪ ಹೊತ್ತು ನಿಂತು ಸೆರಗು ಇಳಿಬಿಟ್ಟುಕೊಂಡು ಒಳಗೆ ಹೋದಳು. ಏಪ್ರಿಲ್‌ನಲ್ಲಿ ನನ್ನ ಅವಧಿ ಮುಗಿಯಿತು, ನಾನು ಹೊರಟೆ.

ಇಷ್ಟು ವರ್ಷ ನಾನು ತಾಣಗಳನ್ನು ಅನುಮಾನಿಸಿದೆ, ಸರಿಯಾಗಿಯೇ ಅನುಮಾನಿಸಿದೆ. ಗಂಗಾಧರಣ್ಣನ ಪ್ರಶ್ನೆಯನ್ನು ಅಡಿಗೆ ಹಾಕಿ ನನ್ನ ಸುಳ್ಳನ್ನು ಮೇಲಕ್ಕೆತ್ತಿದ್ದು ಅವೇ. ಆದರೆ ಕ್ಯಾನಿನೊಳಗೆ ಕೈ ಹಾಕಿದ್ದು ನಾನು. ಅದರಾಚೆ ಇನ್ನೊಂದು ಅನುಮಾನವಿದೆ, ಕ್ರಾಸಿನಲ್ಲಿ ಆ ಸದ್ದು ಕೇಳಿದಾಗಿನಿಂದ ಅದು ಕೂರಲು ಬಿಡುತ್ತಿಲ್ಲ. ನೂರು ಕಾಯಿಯಲ್ಲಿ ಒಂದು ಕೊಳೆತದ್ದನ್ನು ಕಿವಿಯಲ್ಲೇ ಹಿಡಿಯುತ್ತಿದ್ದ ಹೆಂಗಸಿಗೆ, ಮಗು ಆಡಿಸುವ ಕಾಯಿಯನ್ನು ಕ್ಯಾನಿನಲ್ಲಿ ಅಲ್ಲಾಡಿಸಿದ್ದು ತಿಳಿಯಲಿಲ್ಲವೇ? ತಿಳಿಯಲಿಲ್ಲವೆಂದರೆ ಅವಳ ಕಿವಿ ಅಷ್ಟು ಹೊತ್ತಿಗೇ ಮಂದವಾಗಿತ್ತು, ಆ ವರ್ಷ ಅವಳು ಹತ್ತಿ ಇಳಿದ ಅಟ್ಟಗಳೆಲ್ಲ ಅಂದಾಜಿನವು. ತಿಳಿದಿತ್ತೆಂದರೆ, ತಿಳಿದೂ “ಹಾಕು” ಎಂದಳೆಂದರೆ, ಅವಳಿಗೂ ನನ್ನಂತೆ ಆ ಎಣಿಕೆ ಬೇಕಿತ್ತು. ಇಲ್ಲವೇ ನನ್ನ ಸಂತೋಷ ಕೆಡಿಸಲು ಮನಸ್ಸಾಗಲಿಲ್ಲ, ಆಮೇಲೆ ಅಂಗಳದಲ್ಲಿ ನನ್ನ ತಪ್ಪನ್ನು ತನ್ನ ಹೆಸರಿಗೇ ಹಾಕಿಕೊಂಡಳು.

ಹೋದ ವಾರ ಮನೆ ಸೇರಿದಾಗ ಅವಳು ತನ್ನ ಅಟ್ಟದ ಮೇಲಿದ್ದಳು. ಈಗ ಅದೊಂದೇ ಅಟ್ಟ ಹತ್ತುತ್ತಾಳೆ. ಏಣಿ ಹತ್ತಿ ಪಕ್ಕದಲ್ಲಿ ಕೂತೆ. “ಬಂದ್ಯಾ ಮಗ, ಚಿಕ್ಕಪ್ಪಂಗೆ ಪಂಪ್‌ಸೆಟ್ ನಿಲ್ಸು ಅಂತ ಹೇಳು” ಎಂದಳು. ಕೂಗಿ ಹೇಳಿದೆ. ಕೆಳಗೆ ಮೋಟಾರ್ ನಿಂತಿತು. ಕ್ರಾಸಿನಲ್ಲಿ ಕೇಳಿದ್ದನ್ನು, ಕ್ಯಾನನ್ನು, ಹಳೇ ಕಾಯಿಯನ್ನು, ನಾಲ್ಕು ವರ್ಷ ಹೇಳದೆ ಉಳಿಸಿಕೊಂಡದ್ದನ್ನೆಲ್ಲ ಹೇಳಿದೆ. ಅವಳು ನಡುವೆ ತಡೆಯಲಿಲ್ಲ, ಆಶ್ಚರ್ಯವನ್ನೂ ತೋರಿಸಲಿಲ್ಲ. ಆಮೇಲೆ ಆ ಒಂದು ಪ್ರಶ್ನೆ ಕೇಳಿದೆ. ಅವಳು ಒಂದು ಕಾಯಿ ಎತ್ತಿ, ಕಣ್ಣು ಮುಚ್ಚಿ, ಕೇಳಿ, ಎಡಕ್ಕಿಟ್ಟಳು. ಇನ್ನೊಂದನ್ನು ಎತ್ತಿಕೊಂಡಳು. ಬೆಳಕು ಹೆಂಚಿನ ಸಂದಿಯಿಂದ ಸರಿದು ಹೋಗುವವರೆಗೆ ಕೂತಿದ್ದೆ. ಮರುದಿನ ಬೆಳಗ್ಗೆ ಬುತ್ತಿ ಕಟ್ಟಿಕೊಟ್ಟು ಬಸ್ ನಿಲ್ದಾಣದವರೆಗೆ ಬಂದಳು, ಬೇರೆಲ್ಲ ಮಾತಾಡಿದಳು. ಊರು ಮುಟ್ಟಿದೆನೆಂದು ಫೋನು ಮಾಡಿದಾಗಲೂ ಬೇರೆಲ್ಲ ಮಾತಾಡಿದಳು. ಅಟ್ಟದ ಮೇಲೆ ನಾನು ಕೇಳಿದ್ದು ಇಷ್ಟು:

“ಚಿಕ್ಕಮ್ಮ, ಅವತ್ತು ಫೋನನ್ನ ಕಿವಿಗಿಟ್ಕಂಡಾಗ, ಅದು ನಿನ್ನ ಕೈಲಿದ್ದ ಕಾಯಿ ಸದ್ದಲ್ಲ ಅಂತ ನಿಂಗೆ ಗೊತ್ತಾಗಿತ್ತಾ?”